ಮಾವನ ಚೀಲದ ಭಾರ

ಹೆಗಲ ಮೇಲೆ ಏನೂ ಇಲ್ಲದಾಗಲೂ ನಮ್ಮ ಸೋದರಮಾವ ಬಲಕ್ಕೆ ವಾಲಿಯೇ ನಡೆಯುತ್ತಾರೆ. ನಲವತ್ತು ವರ್ಷ ಎಡ ಹೆಗಲಿಗೆ ಚೀಲ ಹೊತ್ತು ತಿರುಗಿದ ದೇಹ, ಅದನ್ನು ಕೆಳಗಿಟ್ಟ ಮೇಲೂ ಇಟ್ಟಿದ್ದೇನೆಂದು ನಂಬುವುದಿಲ್ಲ. ಮದುವೆಯ ಗುಂಪುಚಿತ್ರಗಳಲ್ಲಿ ಅವರನ್ನು ಹುಡುಕಲು ಮುಖ ನೋಡಬೇಕಾಗಿಯೇ ಇಲ್ಲ. ಸಾಲಿನಲ್ಲಿ ಯಾರು ಪಕ್ಕದವರ ಮೇಲೆ ಬೀಳುವಂತಿದ್ದಾರೋ ಅವರೇ ಮಾವ.

ಆಸ್ಪತ್ರೆಗಳ ಎಕ್ಸ್-ರೇ ಯಂತ್ರಗಳನ್ನು ದುರಸ್ತಿ ಮಾಡುವುದು ಅವರ ವೃತ್ತಿ. ಹೊರಟರೆಂದರೆ ಇಪ್ಪತ್ತು ದಿನಕ್ಕೆ ಕಡಿಮೆಯಿಲ್ಲದ ಸಂಚಾರ: ಮೂರು ಆಸ್ಪತ್ರೆ, ನಡುವೆ ಒಂದು ಮದುವೆ, ಹಾಸಿಗೆ ಹಿಡಿದ ಹಳೆಯ ಗೆಳೆಯನೊಬ್ಬನ ಭೇಟಿ, ಕೊನೆಗೆ, ಹೇಗೂ ದಾರಿಯಲ್ಲೇ ಸಿಗುತ್ತಾಳಲ್ಲ ಎಂದು, ಅವರ ಅಕ್ಕನಾದ ನಮ್ಮಮ್ಮ. ಇಷ್ಟಕ್ಕೂ ಒಂದೇ ಚೀಲ. ತಳದಲ್ಲಿ ಸ್ಪ್ಯಾನರು, ಮೀಟರು, ರಬ್ಬರು ಕೈಗವಸು. ಅದರ ಮೇಲೆ ಮಡಿಸಿ ಹಾಸಿದ ಹಳೆಯ ಹೊದಿಕೆ. ಹೊದಿಕೆಯ ಮೇಲೆ ಜಿಡ್ಡು ಹಿಡಿದ ಕೆಲಸದ ಬಟ್ಟೆ ಒಂದು ಕಡೆ, ಇಸ್ತ್ರಿ ಮಾಡಿದ ಒಂದೇ ಒಂದು ಬಿಳಿ ಅಂಗಿ ಇನ್ನೊಂದು ಕಡೆ. ಆ ಅಂಗಿಗೆ ಒಂದು ಬಾರಿಯೂ ಜಿಡ್ಡು ತಾಗಲಿಲ್ಲವೆಂಬುದು ಅವರ ಬದುಕಿನ ದೊಡ್ಡ ಹೆಮ್ಮೆಗಳಲ್ಲೊಂದು.

ಅವರ ಜೊತೆ ಚೀಲ ಕೊಳ್ಳಲು ಹೋಗುವುದೆಂದರೆ ನಮ್ಮ ತಾಳ್ಮೆಗೆ ಪರೀಕ್ಷೆ. ಮೊದಲು ಚೀಲವನ್ನು ಒಳಹೊರಗು ಮಾಡಿ ಹೊಲಿಗೆ ನೋಡಬೇಕು, ಕಣ್ಣು ಮುಚ್ಚಿಕೊಂಡು ಹತ್ತು ಸಲ ಜಿಪ್ ಎಳೆಯಬೇಕು, ಮನೆಯಿಂದ ತಂದ ಕಬ್ಬಿಣವನ್ನೆಲ್ಲ ಅದಕ್ಕೆ ತುಂಬಿ ಅಂಗಡಿಯ ಮೆಟ್ಟಿಲನ್ನು ಮೂರು ಸಲ ಹತ್ತಿಳಿಯಬೇಕು. "ಇದು ತುಂಬಾ ಹಗುರ ಸಾರ್" ಎಂದ ಅಂಗಡಿಯವನಿಗೆ, "ಖಾಲಿ ಇದ್ದಾಗ ಎಲ್ಲಾ ಚೀಲಾನೂ ಹಗುರಾನೇ ಕಣಪ್ಪ" ಎಂದಿದ್ದರು. ಚಕ್ರದ ಪೆಟ್ಟಿಗೆಗೂ ಅವರಿಗೂ ಎಣ್ಣೆ ಸೀಗೆಕಾಯಿ. ದಪ್ಪ ಕ್ಯಾನ್ವಾಸಿನ ಅವರ ಕೊನೆಯ ಚೀಲ ಹತ್ತೊಂಬತ್ತು ವರ್ಷ ಬಾಳಿದೆ. ಅದರ ಹಿಡಿಕೆಯನ್ನು ಚಪ್ಪಲಿ ಹೊಲಿಯುವವನ ಹತ್ತಿರ ನಾಲ್ಕು ಸಲ ಹೊಲಿಸಿದ್ದಾರೆ, ನಾಲ್ಕು ಸಲವೂ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ದಾರಕ್ಕೆ ಮೇಣ ಹಚ್ಚಿಸಿ, ಕೊನೆಯ ಹೊಲಿಗೆ ಬೀಳುವವರೆಗೂ ಎದ್ದಿಲ್ಲ.

ಮಾವನ ಮಾತೆಲ್ಲ "ನೋಡು, ವಿಷಯ ಏನಂದ್ರೆ" ಎಂದು ಶುರುವಾಗುತ್ತದೆ. ವಿಷಯ ಯಂತ್ರದ್ದೋ ಚೀಲದ್ದೋ ಆದರೆ ಅರ್ಧ ಗಂಟೆ ಅಲುಗಾಡುವ ಹಾಗಿಲ್ಲ. ಮನಸ್ಸಿನದಾದರೆ ಮಾತು ಅಲ್ಲಿಗೇ ನಿಂತು, ಕನ್ನಡಕ ಒರೆಸುವ ಕೆಲಸ ಶುರುವಾಗುತ್ತದೆ. ಅವರು ನಮ್ಮ ಮನೆಗೆ ಬಂದರೆ ಹಜಾರದ ನೆಲಕ್ಕೆ ಚೀಲ ಧಡ್ಡೆಂದು ಇಳಿಯುತ್ತಿತ್ತು. ಒಳಗಿನಿಂದಲೇ ಅಮ್ಮ, "ಈ ಸಲ ಯಾವ ಆಸ್ಪತ್ರೆ ಮಿಷನ್ ಕೆಟ್ಟಿದೆಯೋ?" ಎಂದು ಕೂಗುತ್ತಿದ್ದಳು. ತಮಾಷೆಗೇ ಕೇಳುತ್ತಿದ್ದಳು. ಆದರೆ ಒಮ್ಮೆ ಅವರು ಹೋದ ಮೇಲೆ ಲೋಟ ತೊಳೆಯುತ್ತ ನನ್ನೆದುರು ಅಂದಳು: "ಇವನದು ಯಾವಾಗ್ಲೂ ಸ್ವಾಮಿಕಾರ್ಯದ ಜೊತೆ ಸ್ವಕಾರ್ಯ. ಬರೀ ಅಕ್ಕನ್ನ ನೋಡ್ಬೇಕು ಅಂತ ಒಂದ್ಸಲಾನಾದ್ರೂ ಬಂದಿದಾನಾ?"

ಮುಂದೆ ನಾನು ಉದ್ಯೋಗಕ್ಕೆಂದು ಮಾವನ ಊರಿನಲ್ಲೇ ನೆಲೆಸಿದೆ; ಒಂದು ಹಗಲಿನ ರೈಲು ದಾರಿಯಾಚೆ ಅಮ್ಮ ನನ್ನ ತಂಗಿಯ ಸಂಸಾರದೊಂದಿಗೆ ಇದ್ದಳು. ಹೋದ ವರ್ಷ ಎರಡು ಸುದ್ದಿ ಒಟ್ಟಿಗೇ ಬಂದವು. ಅಮ್ಮನ ಕಣ್ಣು ಮಂಜಾಗುತ್ತಿದೆ, ಇನ್ನು ಕೆಲವೇ ತಿಂಗಳು ಮುಖಗಳ ಗುರುತು ಸಿಕ್ಕೀತು ಎಂದರು ಅಲ್ಲಿಯ ವೈದ್ಯರು. ಮಾವನ ಎಡ ಹೆಗಲಿಗೆ ಶಸ್ತ್ರಚಿಕಿತ್ಸೆ ಮಾಡಿದ ಇಲ್ಲಿಯ ವೈದ್ಯರು, ಇನ್ನು ಐದು ಕಿಲೋಗಿಂತ ಹೆಚ್ಚು ಹೊರಕೂಡದೆಂದರು. "ಮುಖ ಕಾಣ್ತಿರುವಾಗ್ಲೇ ಒಂದ್ಸಲ ಬಂದು ಹೋಗೋ" ಎಂದು ಅಮ್ಮ ಫೋನಿನಲ್ಲಿ ಕೇಳಿದ್ದಕ್ಕೆ ಈ ಮಹಾನುಭಾವರು, "ಆ ಕಡೆ ಒಂದು ಆಸ್ಪತ್ರೆ ಕೆಲಸ ಬರೋದಿದೆ ಅಕ್ಕ, ಬಂದ ತಕ್ಷಣ ಹೊರಡ್ತೀನಿ" ಎಂದರಂತೆ. ನನಗೆ ಸಿಟ್ಟು ನೆತ್ತಿಗೇರಿತು.

ಕೆಲಸವೂ ಬಂತು. ನಾನೂ ಜೊತೆಗೆ ಹೊರಡುವುದೆಂದಾಯಿತು. ಹಿಂದಿನ ದಿನ ಅವರ ಕೋಣೆಗೆ ಹೋದರೆ, ಮಾವ ಚೀಲವನ್ನು ಕೊಕ್ಕೆಯ ತಕ್ಕಡಿಗೆ ತೂಗುಹಾಕಿ ಮುಳ್ಳನ್ನೇ ನೋಡುತ್ತ ನಿಂತಿದ್ದರು. ಹದಿಮೂರು ಕಿಲೋ. ನಾನು ಹೊರುತ್ತೇನೆ ಎಂದೆ, ಇಲ್ಲವೇ ಚಕ್ರದ್ದೇ ಒಂದು ತರೋಣ ಎಂದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಬಟ್ಟೆಯನ್ನೆಲ್ಲ ತೆಗೆದರು, ಮುಳ್ಳು ಹತ್ತಕ್ಕೆ ಬಂತು. ಬಟ್ಟೆ ವಾಪಸು ಹಾಕಿ ಸಾಮಾನು ತೆಗೆದರು; ನಾಲ್ಕೂವರೆ. ಆಮೇಲೆ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಕಪಾಟಿನಲ್ಲಿಟ್ಟರು, ಆಸ್ಪತ್ರೆಗೆ ಫೋನು ಮಾಡಿ ಬೇರೊಬ್ಬ ಮೆಕ್ಯಾನಿಕ್ಕಿನ ನಂಬರು ಕೊಟ್ಟರು, ನನ್ನತ್ತ ತಿರುಗದೆಯೇ, "ಬಿಳಿ ಅಂಗಿ ಹಾಕ್ಕೊಂಡೇ ಬರ್ತೀನಿ" ಎಂದರು.

ನಾವು ತಲುಪಿದಾಗ ಅಮ್ಮ ಹಜಾರದ ಕುರ್ಚಿಯಲ್ಲಿ ಕಿಟಕಿಗೆ ಮುಖಮಾಡಿ ಕೂತಿದ್ದಳು. ಮಾವ ಅವಳ ಪಕ್ಕಕ್ಕೆ ಬಂದು ಚೀಲ ಇಳಿಸಿದರು. ಸದ್ದೇ ಆಗಲಿಲ್ಲ.

"ಯಾರದು?"

"ನಾನೇ ಅಕ್ಕ."

ಅಮ್ಮ ಬಗ್ಗಿ, ತಡಕಾಡಿ, ಹಿಡಿಕೆ ಹಿಡಿದು ಎತ್ತಿದಳು. ಚೀಲ ಒಂದೇ ಕೈಗೆ ಬಂತು.

"ಸಾಮಾನೆಲ್ಲೋ?"

"ತಂದಿಲ್ಲ."

"ಮತ್ತೆ ಇಲ್ಲೇನು ಕೆಲಸ ನಿಂಗೆ?"

"ನೋಡಕ್ಕ, ವಿಷಯ ಏನಂದ್ರೆ..." ಎಂದ ಮಾವ ಅಲ್ಲಿಗೇ ನಿಂತು ಕನ್ನಡಕ ತೆಗೆದರು.

"ಗೊತ್ತಾಯ್ತು ಬಿಡು," ಎಂದಳು ಅಮ್ಮ. "ಬೆಳಕಿಗೆ ಬಾ, ಮುಖ ನೋಡ್ತೀನಿ."

ಅವರು ಕಿಟಕಿಯ ಬೆಳಕಿಗೆ ಬಂದು ನಿಂತರು, ಆಗಲೂ ಬಲಕ್ಕೆ ವಾಲಿಕೊಂಡೇ. ಅಮ್ಮ ಎದ್ದು ಎರಡೂ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟು, ಚಿಕ್ಕವರನ್ನು ಶಾಲೆಗೆ ಕಳಿಸುವಾಗ ನೇರ ನಿಲ್ಲಿಸುವಂತೆ ತಮ್ಮನನ್ನು ನೆಟ್ಟಗೆ ನಿಲ್ಲಿಸಿ ನೋಡಿದಳು. ನನಗೆ ಕಣ್ಣು ತುಂಬಿ ಬಂತು. ಅಂದಿನ ಸಿಟ್ಟಿಗೆ ನಾಚಿಕೆಯೂ ಆಯಿತು.

ಬರೀ ಪ್ರೀತಿಯನ್ನಷ್ಟೇ ಹೊತ್ತು ಯಾರ ಬಾಗಿಲಿಗೂ ಹೋಗಲಾರದವರು ಈ ಲೋಕದಲ್ಲಿದ್ದಾರೆ. ಬರಿಗೈಯಲ್ಲಿ ಹೋಗಲು ನಾವು ಸಂಕೋಚಪಡುವಂತೆ, ನೋಡುವ ಆಸೆಯೊಂದನ್ನೇ ಹಿಡಿದು ಹೋಗಲು ಅವರು ಸಂಕೋಚಪಟ್ಟು, ಏನಾದರೊಂದು ಕೆಲಸವನ್ನು ಹೆಗಲಿಗೇರಿಸಿಕೊಂಡೇ ಹೊರಡುತ್ತಾರೆ. ಆ ಕೆಲಸ ಗಟ್ಟಿಯಾಗಿ ಸದ್ದು ಮಾಡುವುದರಿಂದ ಅವರನ್ನು ನಾವು ಒಣ ಮನುಷ್ಯರೆಂದು ತೀರ್ಮಾನಿಸಿಬಿಡುತ್ತೇವೆ. ಅಂಥವರು ನಿಮ್ಮ ಮನೆಗೆ ಬಂದರೆ, ಏನು ಕೆಲಸವೆಂದು ಕೇಳಬೇಡಿ. ಚೀಲ ಇಳಿಸಿಕೊಳ್ಳಿ.