ಸೇತುವೆಯಿಂದ ಕೇಳಬೇಕು

ಸೇತುವೆಯಿಂದ ನಮ್ಮ ಮನೆಗೆ ಜೀಪಿನಲ್ಲಿ ಆರು ನಿಮಿಷ. ಇದನ್ನು ನಾನು ಗಡಿಯಾರ ನೋಡಿಕೊಂಡು ಅಳೆದಿದ್ದೇನೆ, ಒಂದು ದಿನವಲ್ಲ, ಎರಡು ವರ್ಷ. ಸೇತುವೆಯ ಉಬ್ಬು ಬಂದಾಗ ಇವರು ಗೇರು ಇಳಿಸುತ್ತಾರೆ, ಆಗ ಒಂದು ಸಲ ಗುಡುಗುತ್ತದೆ. ಮರದ ಮಿಲ್ಲಿನ ತಿರುವಿನಲ್ಲಿ ಸದ್ದು ಅಡಗುತ್ತದೆ. ಆಮೇಲೆ ನಮ್ಮ ಬೀದಿಯ ಏರು. ಅಡುಗೆಮನೆಯ ಕಿಟಕಿ ಗಾಜು ನಡುಗುವ ಹೊತ್ತಿಗೆ ನನ್ನ ಕೈ ಗೇಟಿನ ಚಿಲಕದ ಮೇಲಿರಬೇಕು.

ಇವರು ಎಂದರೆ ನನ್ನ ಗಂಡ. ರಸ್ತೆ ಕೆಲಸದ ಮೇಲ್ವಿಚಾರಕರು. ಆಳುಗಳನ್ನು ನೋಡಿಕೊಂಡು ನೋಡಿಕೊಂಡು ಮನೆಯಲ್ಲಿರುವವರೂ ಆಳುಗಳೇ ಎಂಬ ತೀರ್ಮಾನಕ್ಕೆ ಬಂದಿದ್ದಾರೆ. ಹೊಡೆಯುವುದಿಲ್ಲ, ಬೈಯುವುದೂ ಕಡಿಮೆ. ಕೇಳುತ್ತಾರೆ. ಯಾರು ಬಂದಿದ್ದರು, ಎಷ್ಟು ಹೊತ್ತು ಕೂತಿದ್ದರು, ಏನು ಮಾತಾಡಿದಿರಿ. ಊಟಕ್ಕೆ ಮನೆಗೆ ಬರುವ ಹೊತ್ತು ಅಂತ ಒಂದಿಲ್ಲ. ಹನ್ನೆರಡಕ್ಕೂ ಬರಬಹುದು, ಮೂರಕ್ಕೂ ಬರಬಹುದು.

ಇವರ ತಂಗಿ, ಅಂದರೆ ನನ್ನ ನಾದಿನಿ, ಗಂಡನನ್ನು ಬಿಟ್ಟು ಬಂದು ಇದೇ ಊರಿನಲ್ಲಿ ಒಂದು ಕೋಣೆ ಹಿಡಿದಿದ್ದಾಳೆ. ಕನ್ನಡಕದ ಅಂಗಡಿಯಲ್ಲಿ ಕೆಲಸ. ಅವಳು ಈ ಹೊಸ್ತಿಲು ತುಳಿಯಕೂಡದು ಎಂದು ಇವರ ಅಪ್ಪಣೆಯಾಗಿದೆ. ಅತ್ತೆಗೆ ಸೊಂಟದ ಮೂಳೆ ಮುರಿದು ಕೂಡಿಸಿದ ಮೇಲೆ ಕುರ್ಚಿಯಿಂದ ಹಾಸಿಗೆ, ಹಾಸಿಗೆಯಿಂದ ಕುರ್ಚಿ, ಅಷ್ಟೇ ದಾರಿ. ಫೋನಿನಲ್ಲಿ ಅವರಿಗೆ ಸರಿಯಾಗಿ ಕೇಳಿಸುವುದಿಲ್ಲ. ಹಾಗಾಗಿ ತಾಯಿ ಮಗಳು ಮುಖ ನೋಡಬೇಕೆಂದರೆ ಗುರುವಾರ ಒಂದೇ. ಅವತ್ತು ಅವಳಿಗೆ ರಜೆ. ಹಿಂದಿನ ಓಣಿಯಿಂದ ಗೋಡೆ ದಾಟಿ ಬರುತ್ತಾಳೆ. ಅಮ್ಮನ ತಲೆ ಬಾಚುತ್ತಾಳೆ, ಉಗುರು ಕತ್ತರಿಸುತ್ತಾಳೆ, ಇಬ್ಬರೂ ಸೇರಿ ಊರಿನವರನ್ನೆಲ್ಲ ಆಡಿಕೊಂಡು ಬಿದ್ದು ಬಿದ್ದು ನಗುತ್ತಾರೆ. ಸೇತುವೆಯ ಕಡೆ ಗುಡುಗಿದರೆ ನಾನು “ಬಂದ್ರು” ಅನ್ನುತ್ತೇನೆ. ಆರು ನಿಮಿಷದಲ್ಲಿ ಅವಳು ಗೋಡೆಯಾಚೆ, ಲೋಟ ತೊಳೆದಾಗಿರುತ್ತದೆ, ಗೇಟು ತೆರೆದಿರುತ್ತದೆ.

ಹಾರ್ನ್ ಹೊಡೆಯುವ ಮೊದಲೇ ಗೇಟು ತೆರೆದುಕೊಳ್ಳುವುದನ್ನು ಕಂಡು ಇವರಿಗೆ ಮಹಾ ಹೆಮ್ಮೆ. ಅದು ತಮ್ಮ ಮೇಲಿನ ಪ್ರೀತಿ ಎಂದುಕೊಂಡಿದ್ದಾರೆ, ಪಾಪ. ಇದ್ದರೂ ಇರಲಿ ಎಂದು ನಾನೂ ಸುಮ್ಮನಿದ್ದೆ.

ಹೀಗಿರುವಾಗ ಒಂದು ಭಾನುವಾರ ಇವರು ತಮ್ಮ ಜೀಪಿನ ಗುಂಪಿನವರ ಜೊತೆ ಗುಡ್ಡ ಹತ್ತಿಸಲು ಹೋಗಿ ಸೈಲೆನ್ಸರನ್ನು ಬಂಡೆಗೆ ಬಡಿದುಕೊಂಡು ಬಂದರು. ಮೊದಲೇ ತುಕ್ಕು ಹಿಡಿದು ತೂತಾಗಿದ್ದ ಡಬ್ಬ ಅದು, ಎರಡು ತುಂಡಾಗಿ ತಂತಿಯಲ್ಲಿ ನೇತಾಡುತ್ತಿತ್ತು. ಹೊಸದು ಹಾಕಿಸಲೇಬೇಕು. ಆರಿಸುವುದಕ್ಕೆ ನನ್ನನ್ನೂ ಕರೆದುಕೊಂಡು ಹೊರಟರು. ಎರಡು ವರ್ಷದಲ್ಲಿ ನನ್ನನ್ನು ಹೊರಗೆ ಕರೆದುಕೊಂಡು ಹೋಗಿದ್ದು ಮೂರನೇ ಸಲ, ಅದೂ ಗ್ಯಾರೇಜಿಗೆ!

ಫಿಟ್ಟರ್ ಅರವತ್ತು ದಾಟಿದ ಮನುಷ್ಯ. ನಲವತ್ತು ವರ್ಷ ಸೈಲೆನ್ಸರ್ ಕೂರಿಸಿ ಕೂರಿಸಿ ಅವರ ಕಿವಿಯೇ ಮಂದವಾಗಿದೆ. ಹಾಗಾಗಿ ಆ ಅಂಗಡಿಯಲ್ಲಿ ಎಲ್ಲರೂ ಕಿರುಚಿಯೇ ಮಾತಾಡಬೇಕು. ಇವರೂ ಕಿರುಚಿದರು.

“ನನ್ನ ಹೆಂಡತಿ ಕಿವಿ ಅಂದ್ರೆ ಕಿವಿ ಕಣ್ರೀ! ನಾನು ಹಾರ್ನ್ ಹೊಡೆಯೋದೇ ಬೇಡ, ಗೇಟ್ ತೆಗೆದಿರುತ್ತೆ! ಅವಳೇ ಕೇಳಿ ಹೇಳ್ಲಿ!”

ಫಿಟ್ಟರ್ ಬೆಂಚಿನ ಮೇಲೆ ಮೂರು ಮಫ್ಲರ್, ಅಂದರೆ ಸೈಲೆನ್ಸರಿನ ಡಬ್ಬ, ಸಾಲಾಗಿ ಇಟ್ಟರು. ಒಂದು ಉದ್ದನೆಯ ಚಪ್ಪಟೆ ಡಬ್ಬ, ಒಳಗೆಲ್ಲ ಕೋಣೆ ಕೋಣೆ. ಹೊಗೆ ಆ ಕೋಣೆಗಳಲ್ಲಿ ಸುತ್ತಿ ಸುತ್ತಿ ಸುಸ್ತಾಗಿ ಹೊರಗೆ ಬರುವಾಗ ಸದ್ದೇ ಇರುವುದಿಲ್ಲವಂತೆ. ನನಗೆ ನಮ್ಮ ಮನೆಯೇ ನೆನಪಾಯಿತು. ಎರಡನೆಯದು ದುಂಡನೆಯದು, ಒಳಗೆ ನೇರ ಕೊಳವೆ, ಸುತ್ತ ಗಾಜಿನ ನಾರು ತುಂಬಿದ್ದು. ಮೂರನೆಯದು ಮುಷ್ಟಿಯಷ್ಟು ಚಿಕ್ಕದು. ಯಾವುದನ್ನು ಹಾಕಿದರೂ ಈ ಸಲ ಚೌಕಟ್ಟಿನ ಒಳಗಡೆ ಮೇಲಕ್ಕೆ ಕೂರಿಸುತ್ತೇನೆ, ಕಲ್ಲಿಗೆ ತಗುಲುವುದಿಲ್ಲ. ಹೊಗೆ ಬಿಡುವ ಕೊಳವೆಯ ಬಾಲವನ್ನು ಹಿಂದಿನ ಚಕ್ರದಾಚೆ ಬಿಟ್ಟರೆ ಹೊಗೆ ಒಳಗೆ ನುಗ್ಗುವುದಿಲ್ಲ ಎಂದು ಹೇಳಿದರು. ಒಂದೊಂದನ್ನೇ ಕ್ಲ್ಯಾಂಪ್ ಹಾಕಿ ಬಿಗಿದು ಎಂಜಿನ್ ಏರಿಸಿ ಕೇಳಿಸಿದರು.

ಉದ್ದನೆಯದು ನಿದ್ದೆಯಲ್ಲಿರುವವರ ಉಸಿರಿನ ಹಾಗಿತ್ತು. ಇದು ಗೇಟಿಗೆ ಬಂದು ನಿಂತರೂ ನನಗೆ ಗೊತ್ತಾಗುವುದಿಲ್ಲ. ಚಿಕ್ಕದು ಕಿವಿ ಹರಿಯುವ ಹಾಗೆ ಕಿರುಚಿತು, ಇವರ ಮುಖ ಅರಳಿತು. ಆದರೆ ನನಗೆ ಗೊತ್ತು, ಹತ್ತಿರ ಕಿರುಚುವುದು ದೂರ ಹೋಗುವುದಿಲ್ಲ. ಬೀದಿಯ ಬೈಕುಗಳೆಲ್ಲ ಹಾಗೇ, ಮೂಲೆ ತಿರುಗಿದರೆ ಮಾಯ. ದುಂಡನೆಯದು ಹೊಟ್ಟೆಯೊಳಗಿಂದ ಗುಂಯ್ ಎಂದಿತು. ನನ್ನ ಪಾದದಡಿಯ ನೆಲಕ್ಕೆ ಅದು ತಿಳಿಯಿತು. ಇದೇ, ಇದೇ ಸೇತುವೆ ದಾಟಿ ಬರುವ ಸದ್ದು.

“ಇದು ಚೆನ್ನಾಗಿದೆ. ಗಂಭೀರವಾಗಿದೆ, ನಿಮಗೆ ಒಪ್ಪುತ್ತೆ,” ಎಂದು ಕಿರುಚಿದೆ. ಬೆಣ್ಣೆ ಹಚ್ಚುವುದು ನನಗೇನು ಹೊಸದಲ್ಲ.

ಇವರು ಗಡ್ಡ ತುರಿಸಿಕೊಂಡರು. “ಹೌದಲ್ವಾ? ನಮ್ಮ ಗುಂಪಿನವರೂ ಇದನ್ನೇ ಹಾಕ್ಸಿರೋದು.” ಒಪ್ಪಿದ ಹಾಗೇ ಆಯಿತು. ಅಷ್ಟರಲ್ಲಿ ಫಿಟ್ಟರ್ ಸೀಮೆಸುಣ್ಣ ಹಿಡಿದು ಬಗ್ಗಿ ನನ್ನ ಕಡೆ ನೋಡಿದರು.

“ಬಾಲ ಗಿಡ್ಡ ಮಾಡಿದ್ರೆ ಜೋರು, ಉದ್ದ ಬಿಟ್ರೆ ಮೆತ್ತಗೆ! ಎಲ್ಲೀವರೆಗೆ ಕೇಳಬೇಕಮ್ಮಾ?”

“ಸೇತುವೆಯಿಂದ ಕೇಳಬೇಕು!”

ಅಂಗಡಿಗೆಲ್ಲ ಕೇಳಿಸುವ ಹಾಗೆ ಕಿರುಚಿದ್ದೆ. ಕಿರುಚಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಎರಡು ವರ್ಷ ಗುಟ್ಟು ಕಾಪಾಡಿದ ಈ ಹಾಳು ಬಾಯಿ, ಯಾರೋ ಮೊದಲ ಸಲ ನನಗೇನು ಬೇಕೆಂದು ಕೇಳಿದರು ಎನ್ನುವ ಖುಷಿಗೆ ಎಲ್ಲವನ್ನೂ ಕಕ್ಕಿಬಿಟ್ಟಿತು.

ಇವರು ತಿರುಗಿದರು. ಈಗ ಕಿರುಚಲಿಲ್ಲ. “ಸೇತುವೆಯಿಂದ ಯಾಕೆ ಕೇಳಬೇಕು?”

“ಗೇಟು ತೆಗೆಯೋದಕ್ಕೆ...”

“ಬಾಗಿಲಿಂದ ಗೇಟಿಗೆ ಹತ್ತು ಹೆಜ್ಜೆ. ಸೇತುವೆ ಎಷ್ಟು ದೂರ ಇದೆ?”

ಇವರು ನನ್ನ ಮುಖ ನೋಡಿದರು. ಆಮೇಲೆ ಫಿಟ್ಟರ್‌ಗೆ ಬೆರಳು ತೋರಿಸಿ ಹೇಳಿದರು, “ಆ ಉದ್ದದ್ದು ಹಾಕಿ. ಬಾಲಾನೂ ಉದ್ದ ಬಿಡಿ.”

ಆ ಗುರುವಾರ ನಾದಿನಿ ಬಂದಳು. ನಾನು ಎಲ್ಲ ಹೇಳಿದೆ. ಅವಳು ಬಾಚಣಿಗೆ ಹಿಡಿದು ಅಮ್ಮನ ಹಿಂದೆ ನಿಂತಳು. ನಾನು ಕಿಟಕಿಯ ಹತ್ತಿರ ನಿಂತೆ. ಯಾವುದೋ ಗಾಡಿ ಹೋಯಿತು, ಮೂವರೂ ಉಸಿರು ಬಿಗಿಹಿಡಿದೆವು. ಹಾಲಿನ ಗಾಡಿ. ಅವಳು ಏನೋ ಹೇಳಲು ಬಾಯಿ ತೆರೆದಳು, ನಾನು “ಶ್!” ಎಂದೆ. ಗಾಳಿಗೆ ತಗಡು ಅಲ್ಲಾಡಿದ್ದು. ಮುಕ್ಕಾಲು ಗಂಟೆ ಕಳೆಯಿತು, ಒಂದು ಮಾತಿಲ್ಲ, ಒಂದು ನಗುವಿಲ್ಲ. ಮೊದಲಾದರೆ ಇವರು ಮನೆಯಲ್ಲಿದ್ದಾಗ ಮಾತ್ರ ಉಸಿರು ಕಟ್ಟುತ್ತಿತ್ತು. ಈಗ ಇಲ್ಲದಿದ್ದಾಗಲೂ ಇದ್ದಾರೆ. ನನಗೆ ಆ ಮಫ್ಲರನ್ನು ಕಿತ್ತು ಹೊಂಡಕ್ಕೆ ಎಸೆಯುವಷ್ಟು ಸಿಟ್ಟು ಬಂದಿತ್ತು.

ಅತ್ತೆಯೇ ಮಗಳ ಕೈಯಿಂದ ಬಾಚಣಿಗೆ ತೆಗೆದುಕೊಂಡರು. “ಇನ್ನು ಬರಬೇಡ ಮಗಾ. ಹೀಗೆ ಕಳ್ಳರ ಥರ ಕೂತ್ಕೊಳ್ಳೋದು ನನ್ನ ಕೈಲಾಗಲ್ಲ. ನಿನ್ನ ಮುಖ ನೋಡೋದು ಬಿಟ್ಟು ಬಾಗಿಲು ನೋಡ್ತಾ ಇದ್ದೀನಿ.”

ಅವಳು ಅಳುತ್ತಲೇ ಗೋಡೆ ದಾಟಿದಳು. ಹತ್ತು ನಿಮಿಷ ಕಳೆದಿರಲಿಲ್ಲ, ಬಾಗಿಲಲ್ಲಿ ಇವರು! ಗೇಟನ್ನು ತಾವೇ ತೆರೆದು ಒಳಗೆ ಬಂದಿದ್ದರು. ನೇರ ಅಡುಗೆಮನೆಗೆ ಹೋದರು.

“ಮೂರು ಲೋಟ ಯಾಕಿದೆ?”

“ನಾನೇ ಎರಡು ಸಲ ಕುಡಿದೆ,” ಎಂದು ಅತ್ತೆ ಒಳಗಿನಿಂದಲೇ ಕೂಗಿದರು. “ಹೆತ್ತ ತಾಯಿ ಎಷ್ಟು ಲೋಟ ಕುಡಿದಳು ಅಂತಾನೂ ಲೆಕ್ಕ ಇಡ್ತೀಯೇನೋ?”

ಆಮೇಲಿನ ಮೂರು ವಾರ ಇವರು ಹೊತ್ತಿಲ್ಲದ ಹೊತ್ತಿನಲ್ಲಿ ಬಂದರು, ಹಿತ್ತಲು ನೋಡಿದರು, ಯಾರೂ ಸಿಗಲಿಲ್ಲ. ಬರುವವಳೇ ಇಲ್ಲವಲ್ಲ, ಎಲ್ಲಿಂದ ಸಿಗಬೇಕು? ಜೀಪು ಕಿಟಕಿಯಿಂದ ಕಣ್ಣಿಗೆ ಬಿದ್ದಾಗ ನಾನು ಓಡಿಹೋಗಿ ಗೇಟು ತೆಗೆಯುತ್ತಿದ್ದೆ. ಅತ್ತೆಯ ಕೂದಲು ಜಡೆಗಟ್ಟಿತು. ನಾನು ಬಾಚಲು ಹೋದರೆ, “ನೀನು ಎಳೀತೀಯ, ಬಿಡು,” ಎಂದು ತಲೆ ಸರಿಸುತ್ತಿದ್ದರು. ನಾನು ಎಳೆಯುವುದಿಲ್ಲ. ಅವರಿಗೂ ಅದು ಗೊತ್ತು. ಮಗಳ ಕೈಯೇ ಬೇಕಾಗಿತ್ತು ಅವರಿಗೆ, ಕೊಡುವುದಕ್ಕೆ ನನ್ನ ಹತ್ತಿರ ಅದಿರಲಿಲ್ಲ. ನನ್ನ ಒಂದು ಮಾತಿನಿಂದ ಹೋಗಿತ್ತು.

ಮತ್ತೊಂದು ಭಾನುವಾರ. ಕಿಟಕಿಯ ಪರದೆ ಸರಿಸಿದೆ, ಗೇಟಿನ ಮುಂದೆ ಜೀಪು ನಿಂತಿದೆ. ಹಿಂದೆ ಗುಡುಗುತ್ತ ಇನ್ನೆರಡು ಜೀಪು, ಗುಂಪಿನವರೆಲ್ಲ ಬಂದಿದ್ದಾರೆ. ಇವರು ಸ್ಟೀರಿಂಗ್ ಮೇಲೆ ಕೈಯಿಟ್ಟು ಹಿಂದಕ್ಕೆ ತಿರುಗಿ ಏನೋ ಹೇಳುತ್ತಿದ್ದಾರೆ. ಏನು ಎನ್ನುವುದು ಕೇಳದೆಯೇ ಗೊತ್ತು: ಹಾರ್ನ್ ಬೇಡ, ನೋಡ್ತಾ ಇರಿ.

ಕಾಲು ತಾನಾಗಿಯೇ ಬಾಗಿಲ ಕಡೆ ಹೊರಟಿತು. ಹಿಡಿದು ನಿಲ್ಲಿಸಿದೆ.

“ಬಂದನಾ?” ಎಂದರು ಅತ್ತೆ.

“ಬಂದ್ರು.”

“ಗೇಟು?”

“ನನಗೆ ಕೇಳಿಸಲಿಲ್ಲ ಅತ್ತೆ.”

ಅವರು ನನ್ನನ್ನೇ ನೋಡಿದರು. ಮೂರು ವಾರದಲ್ಲಿ ಮೊದಲ ಸಲ ಆ ಮುಖದಲ್ಲಿ ನಗು ಕಂಡಿತು. “ನನಗೂ ಕೇಳಿಸಲಿಲ್ಲ ಬಿಡು.”

ಪರದೆಯ ಹಿಂದೆ ನಿಂತು ನೋಡಿದೆ. ಇವರು ಗೇಟನ್ನು ನೋಡಿದರು, ಮನೆಯನ್ನು ನೋಡಿದರು, ಕತ್ತು ಉಜ್ಜಿಕೊಂಡರು. ಕೊನೆಗೆ ಹಾರ್ನ್ ಹೊಡೆದರು. ಹಿಂದಿನ ಜೀಪಿನಿಂದ ಒಬ್ಬರು ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: “ಏನಣ್ಣಾ, ನಿಮ್ಮ ಆಟೋಮ್ಯಾಟಿಕ್ ಗೇಟು ಕೆಟ್ಟೋಯ್ತಾ?” ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇವರ ಕಿವಿ ಕೆಂಪಾಯಿತು.

ಮರುದಿನ ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತ ಸಿಡುಕಿದರು. “ನಿನ್ನ ಕಿವಿಗೆ ಏನು ಬಂದಿದೆ?”

“ಗುಡುಗಿದ್ದೆಲ್ಲ ಬೇರೆಯವರ ಜೀಪು, ನಿಮ್ಮ ಜೀಪಿಗೆ ದನಿಯೇ ಇಲ್ಲ. ನನ್ನ ಕಿವಿ ಏನು ಮಾಡುತ್ತೆ?”

ಆ ಮಧ್ಯಾಹ್ನವೂ ಗೇಟು ತೆರೆಯಲಿಲ್ಲ. ಸಂಜೆಯೂ ಇಲ್ಲ. ಎದುರು ಮನೆಯ ಮುದುಕರು ಜಗಲಿಯಿಂದ “ಮನೇಲಿ ಯಾರೂ ಇಲ್ವೇನಪ್ಪಾ?” ಎಂದು ಕೇಳಿದರು. ಮಂಗಳವಾರ ಇವರು ಬೆಳಿಗ್ಗೆಯೇ ಫಿಟ್ಟರ್ ಅಂಗಡಿಗೆ ಹೋದರು. ಮೂರು ವಾರ ಹುಡುಕಿ ಏನೂ ಸಿಗದವರಿಗೆ ಅನುಮಾನಕ್ಕಿಂತ ಮಾನ ದೊಡ್ಡದಾಗಿತ್ತು.

ಹನ್ನೊಂದು ಗಂಟೆಗೆ ಫೋನ್ ಬಂತು. “ಗೇಟ್ ಹತ್ತಿರ ನಿಂತ್ಕೋ. ಸೇತುವೆ ಮೇಲಿದ್ದೀನಿ. ಕೇಳುತ್ತಾ ಹೇಳು.”

ನಿಂತೆ. ಮೊದಲು ಏನೂ ಇಲ್ಲ. ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಆಮೇಲೆ ದೂರದಲ್ಲಿ, ಮನೆಗಳ ಬೆನ್ನ ಹಿಂದೆ, ಗುಂಯ್ ಎಂದು ಒಂದು ಸಲ ಗುಡುಗಿತು. ದುಂಡನೆಯದು. ಗಿಡ್ಡ ಬಾಲದ್ದು. ನನಗೆ ಅಳು ಬಂತು.

“ಕೇಳ್ತು,” ಎಂದೆ.

“ಅಳ್ತಾ ಇದ್ದೀಯಾ?”

“ಇಲ್ಲ. ಕೇಳ್ತು.”

ಒಳಗೆ ಹೋಗಿ ಅತ್ತೆಗೆ ಹೇಳಿದೆ. ಅವರು ದಿಂಬಿನಡಿ ಕೈಹಾಕಿ ಬಾಚಣಿಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. “ನಾಳಿದ್ದು ಗುರುವಾರ ಅಲ್ವಾ?” ಎಂದು ಆಮೇಲೆ ಕೇಳಿದರು. ಹೌದು ಎಂದು ಹೇಳಿ ಗೇಟಿಗೆ ಓಡಿದೆ. ಸದ್ದು ಮಿಲ್ಲಿನ ತಿರುವಿನಲ್ಲಿ ಅಡಗಿತು, ಏರಿನಲ್ಲಿ ಮತ್ತೆ ಎದ್ದಿತು, ಗಾಜು ನಡುಗಿತು. ಚಿಲಕ ಸರಿಸಿ ಗೇಟನ್ನು ಅಗಲವಾಗಿ ತೆರೆದೆ. ಎದುರು ಮನೆಯ ಮುದುಕರು ನೋಡುತ್ತಿದ್ದಾರೆ ಎಂದು ಗೊತ್ತಾಗಿ ಇವರು ಎದೆಯುಬ್ಬಿಸಿಕೊಂಡೇ ಒಳಗೆ ಬಂದರು.

ಜೀಪಿನಿಂದ ಇಳಿದು ಬಾನೆಟ್ ತಟ್ಟಿದರು. “ನಿನಗೋಸ್ಕರ ಹಾಕ್ಸಿದ್ದು ಕಣೇ. ಸಂತೋಷನಾ?”

“ಸಂತೋಷ,” ಎಂದೆ.

ಬಾಯಿಮಾತಿಗೆ ಅಂದಿದ್ದರೆ ನನಗೇನೂ ಅನ್ನಿಸುತ್ತಿರಲಿಲ್ಲ, ಇಂಥ ಮಾತು ದಿನಕ್ಕೆ ಹತ್ತು ಆಡುತ್ತೇನೆ. ಆದರೆ ಅವತ್ತು ನಿಜವಾಗಿಯೂ ಸಂತೋಷವಾಗಿತ್ತು. ಆ ಮನುಷ್ಯನ ಮುಂದೆ ನಿಂತು, ಅವರು ಬರುವ ಸದ್ದನ್ನು ನನಗೆ ವಾಪಸ್ಸು ಕೊಟ್ಟರೆಂದು ಮನಸಾರೆ ಕೃತಜ್ಞಳಾಗಿದ್ದೆ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಗೇಟು ಮುಚ್ಚಿ, ಒಳಗಿನಿಂದ ಚಿಲಕ ಹಾಕಿ, ಅವರ ಹಿಂದೆಯೇ ಮನೆಯೊಳಗೆ ಹೋದೆ.