ಮೇಷ್ಟ್ರ ಅಕ್ಷರ

ಮೇಜಿನ ಮೂರನೆಯ ಡ್ರಾಯರನ್ನೂ ಎಳೆದು ಹಾಸಿಗೆಯ ಮೇಲೆ ಸುರಿದಳು ಮಗಳು. ಮುರಿದ ಕನ್ನಡಕ, ಕರೆಂಟ್ ಬಿಲ್ಲು, ಸೀಮೆಸುಣ್ಣದ ಖಾಲಿ ಡಬ್ಬಿ. ಕೈಯಲ್ಲಿ ಬರೆದದ್ದು ಒಂದಕ್ಷರವೂ ಇಲ್ಲ.

"ಸಿಕ್ತೇನೇ?" ನಡುಮನೆಯಿಂದ ಅಮ್ಮ ಕೇಳಿದಳು. ಬೆಳಗ್ಗಿನಿಂದ ಇದು ಐದನೇ ಸಲ.

"ಹುಡುಕ್ತಾ ಇದೀನಮ್ಮ."

"ಒಂದೇ ಒಂದು ಹಾಳೆ ಸಾಕು ಕಣೆ. ಅವರ ಅಕ್ಷರ ಕಣ್ಣಮುಂದೆ ಇದ್ರೆ ಸಾಕು ನಂಗೆ."

ಹುಡುಕಾಟ ಬರೀ ನಾಟಕವೆಂದು ಮಗಳಿಗೆ ಗೊತ್ತಿತ್ತು. ಆದರೂ ಒಂದು ಚೂರಾದರೂ ತಪ್ಪಿಸಿಕೊಂಡು ಉಳಿದಿದ್ದರೆ ಎಂದು ಕೈ ಸುಮ್ಮನಿರಲೊಲ್ಲದು. ಕಪಾಟಿನ ಹಿಂದೆ ಬಗ್ಗಿ ನೋಡಿದಳು, ಕ್ಯಾಲೆಂಡರಿನ ಹಾಳೆ ತಿರುವಿದಳು. ಎರಡು ವರ್ಷದಿಂದ ಕೈ ನಡುಗುತ್ತಿದ್ದ ಅವಳಪ್ಪ ಮೇಷ್ಟ್ರು ಸಾಮಾನಿನ ಚೀಟಿಯನ್ನೂ ಹೆಂಡತಿಯಿಂದಲೇ ಬರೆಸುತ್ತಿದ್ದರು. ಸೊಟ್ಟಗೆ ಬರೆಯುವುದಕ್ಕಿಂತ ಬರೆಯದಿರುವುದೇ ಮರ್ಯಾದೆ ಎನ್ನುವ ಜಂಬದ ಮನುಷ್ಯ.

ಚಿಕ್ಕಪ್ಪ ಬಾಗಿಲಲ್ಲಿ ತಲೆ ಹಾಕಿದ. "ಗಾಡಿ ಬಂತು, ಬಾಮ್ಮ. ಅಣ್ಣ ಯಾವತ್ತಾದ್ರೂ ಸ್ಕೂಲಿಗೆ ಬೆಲ್ ಹೊಡೆದ ಮೇಲೆ ಹೋಗಿದ್ದುಂಟಾ?"

*

ಹೋದ ತಿಂಗಳು ಅಪ್ಪ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಮನೆ ಚೊಕ್ಕಟ ಮಾಡಬೇಕೆಂದು ಅವಳು ಟೊಂಕ ಕಟ್ಟಿ ನಿಂತಿದ್ದಳು. ಅಟ್ಟದ ಮೇಲಿದ್ದ ಕಟ್ಟುಗಳನ್ನು ಬಿಚ್ಚಿಯೂ ನೋಡದೆ ಹಳೇ ಪೇಪರಿನವನ ತಕ್ಕಡಿಗೆ ಹಾಕಿಬಿಟ್ಟಳು. ಅಪ್ಪ ಬಂದು ಖಾಲಿ ಅಟ್ಟ ನೋಡಿದರು. ಮುಖ ಸಣ್ಣಗಾಯಿತು.

"ಅದ್ರಲ್ಲಿ ಏನಿತ್ತಪ್ಪ?"

"ಪಾಠದ ಟಿಪ್ಪಣಿ. ತರಬೇತಿಗೆ ಹೋದಾಗ ನಿಮ್ಮಮ್ಮಂಗೆ ಬರೆದ ಕಾಗದ." ಅಪ್ಪ ನಕ್ಕರು. "ಹೋಗ್ಲಿ ಬಿಡು, ಗಾಳಿ ಆಡುತ್ತೆ. ಅವಳಿಗೆ ಮಾತ್ರ ಹೇಳಬೇಡ. ನಿಂಗೆ ಬಯ್ತಾಳೆ."

*

ಅಪ್ಪನ ದೇಹ ಹೊತ್ತ ಗಾಡಿ ಪೇಟೆಬೀದಿಗೆ ತಿರುಗಿತು. ಹಿಂದೆ ಮಗಳ ಕಾಲು ನಡೆಯುತ್ತಿತ್ತು, ಮನಸ್ಸು ಇನ್ನೂ ಡ್ರಾಯರು ತಡಕುತ್ತಿತ್ತು. ಅಂಗಡಿಗಳೆಲ್ಲ ಮುಚ್ಚಿದ್ದವು. ಔಷಧಿ ಅಂಗಡಿಯ ಬಾಗಿಲಿಗೆ ಅಂಟಿಸಿದ್ದ ಚೀಟಿ ಕಂಡು ಅವಳು ಗಕ್ಕನೆ ನಿಂತಳು.

ಎಡಕ್ಕೆ ತುಸು ವಾಲಿದ ಅಕ್ಷರ. ತಲೆಕಟ್ಟು ಉದ್ದ, ಕೊಂಬಿನ ತುದಿ ಮೇಲಕ್ಕೆ ಸುರುಳಿ. ಅಪ್ಪನ ಅಕ್ಷರ!

ಸೈಕಲ್ ಅಂಗಡಿಯ ಬಾಗಿಲಲ್ಲೂ ಅದೇ. ಹಿಟ್ಟಿನ ಗಿರಣಿಯಲ್ಲೂ ಅದೇ.

"ಇವನ್ನೆಲ್ಲ ಯಾರು ಬರೆದಿದ್ದು?" ಪಕ್ಕದಲ್ಲಿ ನಡೆಯುತ್ತಿದ್ದ ದರ್ಜಿಯನ್ನು ಕೇಳಿದಳು.

"ಅವರವರ ಅಂಗಡೀದು ಅವರವರೇ ಕಣಮ್ಮ. ನಂದು ನಾನೇ." ತಲೆ ಪೂರ್ತಿ ನೆರೆತಿದ್ದ ದರ್ಜಿ ತನ್ನ ಬಾಗಿಲ ಚೀಟಿಯತ್ತ ಗಾಬರಿಯಿಂದ ನೋಡಿದ. "ಯಾಕೆ, ತಪ್ಪಿದ್ಯಾ?"

"ಇಲ್ಲ. ಎಲ್ಲಾ ಒಂದೇ ಥರ ಇದೆ."

"ಮೇಷ್ಟ್ರು ಕೈ ಹಿಡಿದು ತಿದ್ದಿಸಿದ್ದಲ್ವಾ? ಬೇರೆ ಥರ ಬರೆಯೋಣ ಅಂದ್ರೂ ಬೆರಳು ಕೇಳಲ್ಲ."

ಊರಿಗೆಲ್ಲ ತಿದ್ದಿಸಿದವರು ಮಗಳನ್ನು ಮಾತ್ರ ತಮ್ಮ ತರಗತಿಗೆ ಸೇರಿಸಿಕೊಂಡಿರಲಿಲ್ಲ. ಪಕ್ಷಪಾತ ಅಂದಾರು ಎಂಬ ಹೆದರಿಕೆ. ಅವಳದು ಇವತ್ತಿಗೂ ಕೋಳಿ ಕೆದರಿದಂಥ ಅಕ್ಷರ. ಅವಳಿಗೆ ಹೊಟ್ಟೆಕಿಚ್ಚಾಯಿತು, ಆಮೇಲೆ ಅಳು ಬಂತು.

"ನಿಮ್ಮ ಚೀಟಿ ನಾನು ತಗೊಳ್ಲಾ?"

"ಒಳ್ಳೇ ಹಾಳೇಲಿ ಬರೆದುಕೊಡ್ತೀನಿ, ತಡಿ."

"ಬೇಡ. ಇದೇ ಇರಲಿ."

*

ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಅಮ್ಮನ ಮುಂದೆ ಕೂತಳು.

"ಅಮ್ಮ, ಅಟ್ಟದ ಮೇಲಿನ ಕಾಗದ ಎಲ್ಲಾ ನಾನೇ ತೂಕಕ್ಕೆ ಹಾಕ್ಬಿಟ್ಟೆ. ಅಪ್ಪ ನಿಂಗೆ ಬರೆದಿದ್ದೂ ಅದ್ರಲ್ಲೇ ಇತ್ತು."

ಅಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅವರಿಗೆ ಗೊತ್ತಿತ್ತಾ?"

"ಹೂಂ. ನೀನು ಬಯ್ತೀಯ, ಹೇಳಬೇಡ ಅಂದ್ರು."

"ಕಳ್ಳ" ಎಂದಳು ಅಮ್ಮ. ಕಣ್ಣು ತುಂಬಿ ಬಂತು.

ಮಗಳು ಚೀಟಿ ಮುಂದಿಟ್ಟಳು. "ಇದು ಅಪ್ಪ ಬರೆದಿದ್ದಲ್ಲ. ದರ್ಜಿ ಬರೆದಿದ್ದು."

ಅಮ್ಮ ಕನ್ನಡಕ ಏರಿಸಿ ಓದಿದಳು. "ನಮ್ಮ ಮೇಷ್ಟ್ರು ತೀರಿಕೊಂಡಿದ್ದಾರೆ. ಇವತ್ತು ಅಂಗಡಿ ಇಲ್ಲ. ನಾಳೆ ಬನ್ನಿ."

ಎರಡು ಸಲ ಓದಿದಳು. ಆಮೇಲೆ ಚೀಟಿಯನ್ನು ನೆಲದ ಮೇಲೆ ಹರಡಿ, ಮಡಿಕೆಗಳನ್ನು ಅಂಗೈಯಿಂದ ಸವರಿ ನೇರ ಮಾಡಿದಳು. ಮಗಳ ಕೈ ಎಳೆದುಕೊಂಡು, ತೋರುಬೆರಳನ್ನು ಬಿಗಿಯಾಗಿ ಹಿಡಿದು, ಮೊದಲನೆಯ ಅಕ್ಷರದ ಮೇಲಿಟ್ಟು ಮೆಲ್ಲಗೆ ತಿದ್ದಿಸತೊಡಗಿದಳು.