ಹುಲಗೆಮ್ಮ ಬರೆದ ತನ್ನ ಮುಖ

ಕಿನ್ನಾಳದ ಚಿತ್ರಗಾರ ಹೇಮಪ್ಪನ ಮಗಳು ಹುಲಗೆಮ್ಮ. ಹದಿನೇಳು ತುಂಬುವಷ್ಟರಲ್ಲಿ, ಅಪ್ಪ ಕೆತ್ತಿದ ಕಟ್ಟಿಗೆಯ ದೇವತೆಗಳಿಗೆಲ್ಲ ಕಣ್ಣು, ಹುಬ್ಬು, ತುಟಿ ಬರೆಯುವ ಕೆಲಸ ಅವಳದೇ ಆಗಿತ್ತು. ಅವಳ ಕೈ ನಡುಗಿದ್ದನ್ನು ಯಾರೂ ಕಂಡಿರಲಿಲ್ಲ. ಆನೆಗೊಂದಿಯ ಕನಕಪ್ಪನೊಂದಿಗೆ ಮದುವೆ ನಿಶ್ಚಯವಾಗಿತ್ತು. ಅವರದೂ ಬಣ್ಣದ ಕೆಲಸದ ಮನೆತನವೇ. 1938ರ ಬೇಸಿಗೆಯಲ್ಲಿ ಊರಿಗೆ ಸಿಡುಬು ಬಂತು. ಹುಲಗೆಮ್ಮ ಇಪ್ಪತ್ತು ದಿನ ಬೇವಿನ ಸೊಪ್ಪಿನ ಮೇಲೆ ಮಲಗಿ, ಬದುಕಿ ಎದ್ದಳು.

ಎದ್ದ ದಿನವೇ ತಾಯಿ ಪಕೀರಮ್ಮ ಮನೆಯಲ್ಲಿದ್ದ ಒಂದೇ ಕನ್ನಡಿಯನ್ನು ಜೋಳದ ಚೀಲದೊಳಗೆ ಹುಗಿದಿಟ್ಟಳು. ಹುಲಗೆಮ್ಮ ಬೆರಳಿನಿಂದ ಕುಳಿಬಿದ್ದ ಕೆನ್ನೆಯನ್ನು ಸವರಿ ನೋಡಿಕೊಳ್ಳುತ್ತಿದ್ದಳು. ಒಂದು ತಿಂಗಳು ಕಳೆದ ಮೇಲೆ, ತಾಯಿ ನೀರಿಗೆ ಹೋದ ಹೊತ್ತು ನೋಡಿ ಅಪ್ಪನ ಮುಂದೆ ಬಂದು ನಿಂತಳು.

“ಕನ್ನಡಿ ಕೊಡಪ್ಪಾ.”

ಹೇಮಪ್ಪ ಉಳಿ ಕೆಳಗಿಟ್ಟ. ಮಗಳ ಮುಖವನ್ನೊಮ್ಮೆ ನೋಡಿ, ಎದ್ದು ಹೋಗಿ ತಂದುಕೊಟ್ಟ.

ಅವಳು ಅಳಲಿಲ್ಲ. ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಹಲಗೆಗೆ ಸುಣ್ಣ ಬಳಿದು, ಒಣಗಿಸಿ, ಕನ್ನಡಿಯನ್ನು ಗೋಡೆಗೆ ಒರಗಿಸಿ ಕುಂಚ ಹಿಡಿದಳು. ಇಷ್ಟು ವರ್ಷ ಮುಖ ಬರೆದವಳು ತನ್ನ ಮುಖವನ್ನು ಒಮ್ಮೆಯೂ ಬರೆದಿರಲಿಲ್ಲ. ಕೈ ತನ್ನ ಚಾಳಿಗೆ ಬಿದ್ದು ಅಗಲ ಕಣ್ಣಿನ, ತುಂಬುಗೆನ್ನೆಯ ದೇವತೆಯನ್ನೇ ಬರೆಯಿತು. “ಇಕಿ ಯಾರೋ” ಎಂದು ಒರೆಸಿಹಾಕಿದಳು. ಎರಡನೆಯ ಸಲ ಹಟಕ್ಕೆ ಬಿದ್ದು ಕಲೆಗಳನ್ನೇ ಬರೆದಳು. ಮುಖದ ತುಂಬ ಕರಿ ಚುಕ್ಕೆ. ಅದರಲ್ಲಿಯೂ ಅವಳಿರಲಿಲ್ಲ.

ಹಿಂದೆ ಕೂತು ನೋಡುತ್ತಿದ್ದ ಹೇಮಪ್ಪ, “ಕರಿ ಬ್ಯಾಡವಾ. ಕುಣಿಯೊಳಗ ಬ್ಯಾರೆ ಬಣ್ಣ ಇಲ್ಲ, ನೆಳ್ಳು ಅಷ್ಟ ಐತಿ. ಅದೂ ನಿನ್ನ ಮೈಬಣ್ಣನ,” ಎಂದ. ಕಾವಿಗೆ ಚಿಟಿಕೆ ಹಳದಿ ಬೆರೆಸಿ, ಚಿಪ್ಪಿನಲ್ಲಿ ಕಲಸಿ ಅವಳ ಪಕ್ಕಕ್ಕಿಟ್ಟು ತನ್ನ ಕೆಲಸಕ್ಕೆ ಹೋದ.

ಮೂರನೆಯದಕ್ಕೆ ಎಂಟು ದಿನ ಹಿಡಿಯಿತು. ಒಂದು ದಿನ ಸಿಟ್ಟು ಬಂದು ತುಟಿ ಬಿಗಿದವು, ಹಾಗೆಯೇ ಬರೆದಳು. ಎಡಗಣ್ಣಿನ ಹತ್ತಿರ ಬಂದಾಗ ಕಣ್ಣಲ್ಲಿ ನೀರು ತುಂಬಿ ಹುಬ್ಬಿನ ಗೆರೆ ಅಲುಗಿತು, ತಿದ್ದದೆ ಬಿಟ್ಟಳು. ಮುಗಿದಾಗ ಹಲಗೆಯಿಂದ ನೋಡುತ್ತಿದ್ದವಳು ಚೆಲುವೆಯೇನಲ್ಲ. ಆದರೆ ಹೆಸರು ಹಿಡಿದು ಕರೆದರೆ ಓ ಎನ್ನುವ ಹಾಗಿದ್ದಳು.

“ಇದನ್ನ ಆನಿಗೊಂದಿಗೆ ಕಳಸ್ರಿ,” ಎಂದಳು.

ಪಕೀರಮ್ಮ ಹಲಗೆಗೆ ಅಡ್ಡ ಬಂದು ನಿಂತಳು. “ಹುಚ್ಚಿ! ಅವರಿಗೆ ಇನ್ನೂ ಸುದ್ದಿನ ಮುಟ್ಟಿಲ್ಲ. ತಾಳಿ ಬೀಳೂತನಕ ಸೆರಗು ಮುಂದಕ್ಕ ಎಳಕೊಂಡು ಕುಂತ್ರಾತು.”

“ಆಮ್ಯಾಲ ಜಲ್ಮ ಪೂರ್ತಿ ಹಂಗ ಕುಂದರ್ಲೇನವ್ವಾ?”

ತಾಯಿ ಅಳತೊಡಗಿದಳು. ಹುಲಗೆಮ್ಮ ಅವಳನ್ನು ತಬ್ಬಿಕೊಂಡು ಕೂತಳು.

ಹೇಮಪ್ಪ ಹಲಗೆಯನ್ನು ಧೋತರದಲ್ಲಿ ಸುತ್ತಿಕೊಂಡು ಕೊಪ್ಪಳದಲ್ಲಿ ರೈಲು ಹತ್ತಿದ. ಹೊಸಪೇಟೆಯಲ್ಲಿಳಿದು, ನಡೆದು, ಹರಿಗೋಲಿನಲ್ಲಿ ಹೊಳೆ ದಾಟಿದ. ಕನಕಪ್ಪ ಪಲ್ಲಕ್ಕಿಗೆ ಬಣ್ಣ ಹಚ್ಚಲು ನವಲಿಗೆ ಹೋಗಿದ್ದ. ಅವನ ತಾಯಿ ಮುದುಕಮ್ಮ ಹಲಗೆಯನ್ನು ನೋಡಿ, ಸಂಗತಿ ಕೇಳಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಜ್ಜಿಗೆ ಕೊಟ್ಟಳು, ಮಾತು ಕೊಡಲಿಲ್ಲ. ಹೇಮಪ್ಪ ಹಲಗೆಯನ್ನು ಪಡಸಾಲೆಯಲ್ಲೇ ಬಿಟ್ಟು ಮರಳಿದ.

ಒಂದು ತಿಂಗಳು ಸುದ್ದಿಯಿಲ್ಲ. ಎರಡನೆಯದೂ ಕಳೆಯುತ್ತ ಬಂತು. ಪಕೀರಮ್ಮ ಬಾಗಿಲಲ್ಲಿ ಕೂತು ದಾರಿ ನೋಡುವುದನ್ನು ಬಿಟ್ಟಳು. ಹುಲಗೆಮ್ಮನಿಗೆ ನೋವಾಗಲಿಲ್ಲವೆಂದಲ್ಲ. ಆದರೂ ನೀರಿಗೆ, ಸಂತೆಗೆ ಮುಖ ತೆರೆದುಕೊಂಡೇ ಹೋಗುತ್ತಿದ್ದಳು. ನೋಡುವವರು ನೋಡಲಿ, ತಾನೇ ಎಂಟು ದಿನ ಬಿಡದೆ ನೋಡಿದ ಮುಖವದು.

ಶ್ರಾವಣದ ಕೊನೆಗೆ ಒಂದು ಮುಂಜಾನೆ ಕನಕಪ್ಪನೇ ಬಂದ. ಹೇಮಪ್ಪನಿಗೆ ನಮಸ್ಕರಿಸಿ, ಕಂಬದ ಮರೆಯಲ್ಲಿ ನಿಂತವಳನ್ನು ಕಂಡು ತಡವರಿಸಿದ.

“ಹೊಳಿ ತುಂಬಿತ್ತು ಮಾವಾ, ಅದಕ್ಕ ತಡ ಆತು,” ಎಂದ. ಆಮೇಲೆ ತಾನಾಗಿಯೇ ಹೇಳಿದ: “ಸುಳ್ಳು ಯಾಕ ಹೇಳ್ಲಿ. ಅವ್ವ ಒಪ್ಪಿರಲಿಲ್ಲ. ನನಗೂ ಮೊದಲು ಎದಿ ಝಲ್ಲಂತು. ಹಲಗಿ ಕೆಲಸದ ಖೋಲ್ಯಾಗ ಇಟ್ಟಿದ್ದೆ, ದಿನಾ ಕಣ್ಣಿಗೆ ಬೀಳೂದು. ಅವ್ವ ರೊಟ್ಟಿ ತಂದಾಗೊಮ್ಮೆ ನೋಡೂದು, ಮಾರಿ ತಿರಗಸೂದು. ಹೋದ ವಾರ ನೋಡಿದ್ಲು, ತಿರಗಸಲಿಲ್ಲ. ‘ಈ ಹುಡುಗಿ ಭಾಳ ಅತ್ತಾಳಲ್ಲೋ. ಊಟ ಮಾಡ್ತಾಳೋ ಇಲ್ಲೋ, ಹೋಗಿ ನೋಡಿ ಬಾ’ ಅಂದ್ಲು.”

ಒಳಗೆ ಪಕೀರಮ್ಮ ಬಿಕ್ಕಿದ್ದು ಕೇಳಿಸಿತು. ಹುಲಗೆಮ್ಮ ಕಂಬದ ಮರೆಯಿಂದ ಈಚೆ ಬಂದಳು.

“ಅತ್ತಿದ್ದು ಹೆಂಗ ಗೊತ್ತಾತ್ರಿ?”

“ಎಡಗಡಿ ಹುಬ್ಬು ನಡುಗೈತಿ. ಅಂಥಾ ಕೈ ಸುಮ್ಮಸುಮ್ಮನ ನಡುಗಂಗಿಲ್ಲ.” ಅವನು ತಲೆ ತಗ್ಗಿಸಿದ. “ಸಿಟ್ಟೂ ಐತಿ. ನನ್ನ ಮ್ಯಾಲೇನು?”

“ನೀವೇನು ಮಾಡಿದ್ರಿ, ನಿಮ್ಮ ಮ್ಯಾಲ ಸಿಟ್ಟಾಗಾಕ?”

“ಎರಡು ತಿಂಗಳು ಸುಮ್ಮನ ಕುಂತೆನಲ್ಲ.”

“ಅದು ಚಿತ್ರ ಬರದ ಮ್ಯಾಲಿಂದು,” ಎಂದಳು. “ಆ ಸಿಟ್ಟು ಹಲಗ್ಯಾಗ ಇಲ್ಲ. ಇನ್ನೂ ನನ್ನ ಹತ್ರನ ಐತಿ.”

ಹೇಮಪ್ಪ ನಕ್ಕುಬಿಟ್ಟ. ಕನಕಪ್ಪನೂ ನಗುತ್ತ, “ಹೆಂಗ ಇಳೀತೈತಿ ಅದು?” ಎಂದು ಕೇಳಿದ.

ಹುಲಗೆಮ್ಮ ಕನ್ನಡಿಯನ್ನೂ ಸುಣ್ಣ ಬಳಿದ ಇನ್ನೊಂದು ಹಲಗೆಯನ್ನೂ ತಂದು ಅವನ ಮುಂದಿಟ್ಟಳು. “ನನ್ನ ಮುಖ ನೀವು ಎರಡು ತಿಂಗಳು ನೋಡೀರಿ. ನಿಮ್ಮದು ನನಗೂ ಬೇಕು. ನೀವ ಬರದು ಕೊಡ್ರಿ.”

ಸುಲಭವೆಂದುಕೊಂಡು ಕೂತ ಕನಕಪ್ಪ ಸಂಜೆಯಾದರೂ ಏಳಲಿಲ್ಲ. ಬರೆದ, ಒರೆಸಿದ, ಬೆವರಿದ. ಕನ್ನಡಿಯೊಳಗಿನ ಕಣ್ಣನ್ನು ನೇರ ನೋಡಲು ಅವನಿಗೆ ನಾಚಿಕೆ. “ಇದರ ಮುಂದ ಹೆಂಗ ಕುಂತಿದ್ದಿ ನೀ?” ಎಂದ. ಹುಲಗೆಮ್ಮ ಬಣ್ಣ ಗಟ್ಟಿಯಾಗದಂತೆ ಚಿಪ್ಪಿಗೆ ಆಗಾಗ ನೀರು ಹನಿಸುತ್ತ ಪಕ್ಕದಲ್ಲಿ ಕೂತಿದ್ದಳು.

ಕೊನೆಗೆ ಅವನು ಹಲಗೆ ತಿರುಗಿಸಿ ತೋರಿಸಿದ. ಅವಳು ಅದನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು.

“ಕಿವಿ ಸಣ್ಣ ಬರದೀರಿ.”

ಅವನ ಕೈ ತಾನಾಗಿ ಕಿವಿಗೆ ಹೋಯಿತು. ಮುಂದಕ್ಕೆ ಚಾಚಿದ ದೊಡ್ಡ ಕಿವಿಗಳು. ಚಿಕ್ಕಂದಿನಿಂದ ಅವುಗಳಿಂದಾಗಿ ಅವನು ನಗೆಪಾಟಲಾಗಿದ್ದ, ರುಮಾಲನ್ನು ಇಳಿಸಿಯೇ ಸುತ್ತುತ್ತಿದ್ದ. ರುಮಾಲು ಬಿಚ್ಚಿ ಪಕ್ಕಕ್ಕಿಟ್ಟ. ಹಲಗೆಯ ಮೇಲಿನ ಕಿವಿಗಳನ್ನು ಒರೆಸಿ, ಇದ್ದಷ್ಟೇ ದೊಡ್ಡದಾಗಿ ಬರೆದ.

“ಈಗ ಛಲೋ ಆತು,” ಎಂದಳು ಹುಲಗೆಮ್ಮ. “ಸಿಟ್ಟೂ ಇಳೀತು.”

ಒಳಗೆ ಹಿಟ್ಟು ನಾದುತ್ತಿದ್ದ ಪಕೀರಮ್ಮ, ಅಳಿಯನಿಗೆ ಎಷ್ಟು ರೊಟ್ಟಿ ಬೇಕೆಂದು ಅಲ್ಲಿಂದಲೇ ಕೂಗಿ ಕೇಳಿದಳು. ಮದುವೆ ಮಾಘದಲ್ಲಿ ಆಯಿತು.